ತಾಳಿಕೋಟೆಗೆ ಮೂರು ಕುರ್ಚಿ

ತಾಳಿಕೋಟೆ ಕದನ ತಾಳಿಕೋಟೆಯಲ್ಲಿ ನಡೆಯಲಿಲ್ಲ. ಸುಲ್ತಾನರ ದಂಡು ಅಲ್ಲಿ ಬೀಡುಬಿಟ್ಟಿತ್ತು, ಅಷ್ಟೆ. 1565ರ ಜನವರಿ 23ರಂದು ಕತ್ತಿಗೆ ಕತ್ತಿ ತಾಗಿದ್ದು ಅಲ್ಲಿಂದ ದೂರದಲ್ಲಿ, ಕೃಷ್ಣಾ ಹೊಳೆಯ ಆಸುಪಾಸಿನಲ್ಲಿ. ರಕ್ಕಸಗಿ, ತಂಗಡಗಿ ಎಂಬ ಎರಡು ಹಳ್ಳಿಗಳನ್ನು ಸೇರಿಸಿ ರಕ್ಕಸ ತಂಗಡಿ ಎನ್ನುವವರಿದ್ದಾರೆ, ಬನ್ನಿಹಟ್ಟಿ ಎನ್ನುವವರೂ ಇದ್ದಾರೆ. ಹೊಳೆ ದಾಟಿ ದಕ್ಷಿಣದ ದಂಡೆಯಾಚೆಗೇ ನಡೆದಿರಬೇಕು ಎಂದು ಇತಿಹಾಸಕಾರ ರಾಬರ್ಟ್ ಸಿವೆಲ್ ಲೆಕ್ಕ ಹಾಕಿದ್ದರು. ಒಂದು ಅಂಕದ ಪ್ರಶ್ನೆಗೆ ನಾವು ಬರೆದುಬಂದ ಉತ್ತರ ಮಾತ್ರ ಅಲ್ಲಾಡದೆ ಕೂತಿದೆ.

ಆ ಉತ್ತರದ ಹಿಂದಿನ ಕಥೆಯೂ ಹಾಗೆಯೇ. ವಿಜಯನಗರದ ವಿರುದ್ಧ ದಖ್ಖನಿನ ಐವರು ಸುಲ್ತಾನರು ಒಂದಾದರು. ಅಳಿಯ ರಾಮರಾಯನ ಸೈನ್ಯದಲ್ಲಿದ್ದ ಗಿಲಾನಿ ಸೋದರರು ನಡುಯುದ್ಧದಲ್ಲಿ ತಿರುಗಿಬಿದ್ದರು. ರಾಯನ ತಲೆ ಉರುಳಿತು. ಆರು ತಿಂಗಳು ಹಂಪಿ ಹೊತ್ತಿ ಉರಿಯಿತು, ವಿಜಯನಗರ ಮುಗಿಯಿತು. ಬಸ್ಸಿನಲ್ಲಿ ಪಕ್ಕದವರಿಗೆ ಒಂದು ನಿಲ್ದಾಣ ಬರುವುದರೊಳಗೆ ಹೇಳಿ ಮುಗಿಸಬಹುದು. ಇದರ ಒಂದೊಂದು ವಾಕ್ಯದ ಮೇಲೂ ಬೆರಳಿಟ್ಟು, ‘ಇದು ನಮಗೆ ಹೇಗೆ ಗೊತ್ತು?’ ಎಂದು ಬಲ್ಲವರನ್ನು ಕೇಳಿದರೆ ಏನಾಗುತ್ತದೆ?

ಈ ಕಥೆಗೇ ಒಂದು ಇತಿಹಾಸವಿದೆ. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ಸಿವೆಲ್ 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಪ್ರಕಟಿಸಿದರು. ಪ್ಯಾರಿಸ್ಸಿನಲ್ಲಿದ್ದ ಪೋರ್ಚುಗೀಸ್ ಹಸ್ತಪ್ರತಿಗಳಿಂದ ಪಾಯೆಸ್ ಮತ್ತು ನ್ಯೂನಿಜ್ ಎಂಬ ಪ್ರವಾಸಿಗರ ಬರಹಗಳನ್ನು ಇಂಗ್ಲಿಷಿಗೆ ತಂದು ಅದರಲ್ಲಿ ಸೇರಿಸಿದರು. 1905ರಲ್ಲಿ ಆನೆಗೊಂದಿ ನೋಡಿಬಂದ ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. ಹರಿದು ಹಂಚಿಹೋಗಿದ್ದ ನಾಡಿಗೆ ಆಗ ಅಂಥದೊಂದು ಪುಸ್ತಕ ಬೇಕಿತ್ತು, ಅದು ತನ್ನ ಕೆಲಸ ಮಾಡಿತು. ಇವತ್ತಿನ ಅಡಿಟಿಪ್ಪಣಿಗಳನ್ನು ಹಿಡಿದುಕೊಂಡು ಆಲೂರರನ್ನು ತೂಗುವುದು ಅನ್ಯಾಯ. ಆದರೆ ನೂರು ವರ್ಷ ಕಳೆದರೂ ನಾವು ಅಲ್ಲೇ ನಿಂತಿದ್ದರೆ ಅದಕ್ಕೆ ಅವರು ಹೊಣೆಯಲ್ಲ. ಆ ನಡುವೆ ವಿದ್ವಾಂಸರು ಸುಮ್ಮನೆ ಕೂತಿರಲಿಲ್ಲ. ಅವರು ಕಂಡುಕೊಂಡದ್ದು ಮಾತ್ರ ವಿದ್ವಾಂಸರಿಂದ ವಿದ್ವಾಂಸರಿಗೇ ಸುತ್ತಾಡುತ್ತ ಉಳಿಯಿತು.

ಅದನ್ನು ಹೊರಗೆ ತರುವ ಬಗೆ ಹೇಗೆ ಎಂಬುದಕ್ಕೆ ನನಗೆ ನೆನಪಾಗುವುದು ಒಂದು ರೇಡಿಯೊ ಕಾರ್ಯಕ್ರಮ. ಬಿಬಿಸಿ ರೇಡಿಯೊ 4ರಲ್ಲಿ 1998ರ ಅಕ್ಟೋಬರಿನಲ್ಲಿ ‘ಇನ್ ಅವರ್ ಟೈಮ್’ ಶುರುವಾಯಿತು. ಗುರುವಾರ ಬೆಳಗಿನ ಒಂಬತ್ತು ಗಂಟೆ, ಕೇಳುಗರು ಸಿಗುವುದಿಲ್ಲ ಎಂದೇ ಹೆಸರಾಗಿದ್ದ ಹೊತ್ತು. ನಡೆಸಿಕೊಟ್ಟವರು ಮೆಲ್ವಿನ್ ಬ್ರ್ಯಾಗ್. ಅವರು ಕಾದಂಬರಿಕಾರರು, ಇತಿಹಾಸದ ಪ್ರಾಧ್ಯಾಪಕರಲ್ಲ. ಮೇಜಿನ ಸುತ್ತ ಮೂವರು ವಿದ್ವಾಂಸರು, ಒಂದೇ ವಿಷಯ, ಮುಕ್ಕಾಲು ಗಂಟೆ. ಹಿನ್ನೆಲೆ ಸಂಗೀತವಿಲ್ಲ, ತಮಾಷೆಯಿಲ್ಲ. ಸಾವಿರಕ್ಕೂ ಹೆಚ್ಚು ಕಂತುಗಳ ನಂತರ 2025ರಲ್ಲಿ ಬ್ರ್ಯಾಗ್ ಕೆಳಗಿಳಿದಾಗ ಬ್ರಿಟನ್ನಿನ ಪತ್ರಿಕೆಗಳು ಒಬ್ಬ ದೊಡ್ಡ ಮೇಷ್ಟ್ರಿಗೆ ಬೀಳ್ಕೊಡುಗೆ ಕೊಟ್ಟಂತೆ ಬರೆದವು.

ಆ ಕಾರ್ಯಕ್ರಮದ ಗುಟ್ಟು ಅತಿಥಿಗಳ ಪಾಂಡಿತ್ಯ ಮಾತ್ರವಲ್ಲ. ಬ್ರ್ಯಾಗ್ ಆ ಅತಿಥಿಗಳನ್ನು ನಡುವೆ ತಡೆಯುತ್ತಿದ್ದರು, ಕೆಲವೊಮ್ಮೆ ಒರಟಾಗಿಯೇ. ಪ್ರೊಫೆಸರು ಪೀಠಿಕೆ ಹಾಕಲು ಹೊರಟರೆ ‘ಅದಿರಲಿ, ಅವನು ಮಾಡಿದ್ದೇನು?’ ಎಂದು ಕೇಳಿಬಿಡುತ್ತಿದ್ದರು. ಎರಡನೆಯ ಗುಟ್ಟು ‘ಮೂರು’ ಎಂಬ ಸಂಖ್ಯೆ. ಒಬ್ಬರೇ ಇದ್ದರೆ ಅದು ಉಪನ್ಯಾಸ, ಇಬ್ಬರಾದರೆ ಜಗಳ. ಮೂವರಾದಾಗ ಮೊದಲನೆಯವರು ಹೇಳಿದ್ದರಲ್ಲಿ ಎರಡನೆಯವರು ಅರ್ಧ ಒಪ್ಪುತ್ತಾರೆ, ಮೂರನೆಯವರು ‘ಆದರೆ ಆ ಪತ್ರ ಐವತ್ತು ವರ್ಷ ಆಮೇಲಿನದಲ್ಲವೇ?’ ಎನ್ನುತ್ತಾರೆ. ಕೇಳುವವನಿಗೆ ಇತಿಹಾಸ ಹೇಗೆ ತಯಾರಾಗುತ್ತದೆ ಎಂಬುದು ಆ ಗಳಿಗೆಯಲ್ಲಿ ಕಾಣುತ್ತದೆ. ಪ್ರಸಾರ ಮುಗಿದ ಮೇಲಿನ ಕೆಲವು ನಿಮಿಷಗಳನ್ನೂ ಪಾಡ್‌ಕಾಸ್ಟಿನಲ್ಲಿ ಸೇರಿಸುತ್ತಾರೆ. ‘ಹೇಳಲಾಗದೆ ಉಳಿದದ್ದೇನು?’ ಎಂಬ ಪ್ರಶ್ನೆ, ವಿದ್ವಾಂಸರ ಬಿಚ್ಚು ಮಾತು, ಕೊನೆಗೆ ನಿರ್ಮಾಪಕರು ಒಳಗೆ ಬಂದು ಚಹಾ ಬೇಕೋ ಕಾಫಿ ಬೇಕೋ ಎಂದು ಕೇಳುವುದು. ಎಷ್ಟೋ ಸಲ ಆ ಬಾಲವೇ ಮೈಗಿಂತ ರುಚಿ.

ನಮ್ಮಲ್ಲಿ? ಯೂಟ್ಯೂಬಿನಲ್ಲಿ ಕನ್ನಡ ಇತಿಹಾಸದ ಸಂದರ್ಶನಗಳಿಗೆ ಬರವಿಲ್ಲ. ಎದುರಿಗೆ ಕೂತವರು ಹೇಳುತ್ತಾರೆ, ಕೇಳುವವರು ‘ಹೌದಾ ಸರ್!’ ಎನ್ನುತ್ತಾರೆ, ‘ಇದನ್ನೆಲ್ಲ ನಮಗೆ ಶಾಲೆಯಲ್ಲಿ ಯಾಕೆ ಕಲಿಸಲಿಲ್ಲ ಸರ್?’ ಎನ್ನುತ್ತಾರೆ. ‘ಇದು ಎಲ್ಲಿದೆ ಸರ್?’ ಎನ್ನುವುದು ಅಪರೂಪ. ‘ತಲೆ-ಹರಟೆ’ಯಂಥ ಕನ್ನಡ ಪಾಡ್‌ಕಾಸ್ಟ್ ಬಲ್ಲವರನ್ನು ಕೂರಿಸಿಕೊಂಡು ನಿಧಾನವಾಗಿ ಮಾತಾಡಿಸುವ ಅಭ್ಯಾಸ ಹಾಕಿಕೊಟ್ಟಿದೆ, ಅದು ಸಂತೋಷದ ಸಂಗತಿ. ಆದರೂ ಇತಿಹಾಸದ ದೊಡ್ಡ ವಾದಗಳು ಬಂದಾಗ ನಾವು ಬಾಗಿಲು ತಟ್ಟುವುದು ಸಾಹಿತಿಗಳ ಮನೆಯದೇ. 2006ರಲ್ಲಿ ಟಿಪ್ಪುವಿನ ಬಗ್ಗೆ ಪತ್ರಿಕೆಯಲ್ಲಿ ನಡೆದ ವಾಗ್ವಾದ ನೆನಪಿಸಿಕೊಳ್ಳಿ. ಮುಂದಿನ ಸಾಲಿನಲ್ಲಿ ನಿಂತವರು ಒಬ್ಬ ನಾಟಕಕಾರ, ಒಬ್ಬ ಕಾದಂಬರಿಕಾರ: ಗಿರೀಶ ಕಾರ್ನಾಡ ಮತ್ತು ಎಸ್.ಎಲ್. ಭೈರಪ್ಪ. ಇಬ್ಬರೂ ಓದಿಕೊಂಡವರೇ. ಆದರೆ ಪಾರ್ಸಿ ದಫ್ತರಗಳಲ್ಲೇ ತಲೆ ನರೆಸಿಕೊಂಡವರ ದನಿ ಆ ಗದ್ದಲದಲ್ಲಿ ಎಷ್ಟು ಜನರಿಗೆ ಮುಟ್ಟಿತು?

ಇರಲಿ. ತಾಳಿಕೋಟೆಗೆ ಬ್ರ್ಯಾಗ್ ಮಾದರಿಯಲ್ಲಿ ಮೂರು ಕುರ್ಚಿ ಹಾಕೋಣ. ಒಂದರಲ್ಲಿ ಪಾರ್ಸಿ ಬಲ್ಲವರು, ಇನ್ನೊಂದರಲ್ಲಿ ಶಾಸನತಜ್ಞರು, ಮೂರನೆಯದರಲ್ಲಿ ಹಂಪಿಯ ಮಣ್ಣು ಅಗೆದವರು. ಇವರಲ್ಲಿ ಯಾರೊಬ್ಬರೂ ಇನ್ನಿಬ್ಬರ ಕೆಲಸ ಮಾಡಲಾರರು. ಈ ಯುದ್ಧದ ಕಥೆ ಒಬ್ಬರ ಬಾಯಲ್ಲಿ ಪೂರ್ತಿಯಾಗದಿರುವುದೂ ಅದಕ್ಕೇ.

ಪಾರ್ಸಿಯವರಿಂದ ಶುರುಮಾಡಿ. ಮೊದಲು ಕೇಳಬೇಕಾದದ್ದು: ನಮಗೆ ಈ ಕದನ ವಿವರವಾಗಿ ಹೇಳಿದವನು ಯಾರು, ಯಾವಾಗ ಹೇಳಿದ, ಯಾರ ಅನ್ನ ಉಂಡು ಹೇಳಿದ? ಅವರು ಫಿರಿಷ್ತಾನ ಹೆಸರು ಹೇಳುತ್ತಾರೆ. ಅವನು ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ, ಯುದ್ಧ ಮುಗಿದು ನಾಲ್ಕು ದಶಕ ಕಳೆದ ಮೇಲೆ ಬರೆದವನು. ಗೆದ್ದವರ ಮನೆಯ ಮನುಷ್ಯ. ಅವನನ್ನು ಜಾನ್ ಬ್ರಿಗ್ಸ್ 1829ರಲ್ಲಿ ಇಂಗ್ಲಿಷಿಗೆ ತಂದರು, ಆ ದಾರಿಯಲ್ಲಿ ಫಿರಿಷ್ತಾ ಇಂಗ್ಲಿಷ್ ಇತಿಹಾಸಗಳಿಗೂ ಅಲ್ಲಿಂದ ನಮ್ಮ ಪಠ್ಯಗಳಿಗೂ ಇಳಿದ. ರಾಮರಾಯನ ಸೈನಿಕರು ಅಹ್ಮದ್‌ನಗರದ ದಂಡಯಾತ್ರೆಯಲ್ಲಿ ಮಸೀದಿಗಳಿಗೆ ಅಪಮಾನ ಮಾಡಿದರು, ಅದರಿಂದ ಸುಲ್ತಾನರು ಒಂದಾದರು ಎನ್ನುವವನು ಇವನೇ. ಆದರೆ ಅದೇ ದಂಡಯಾತ್ರೆಗೆ ರಾಮರಾಯನನ್ನು ಕರೆದುಕೊಂಡು ಹೋದವನು ಬಿಜಾಪುರದ ಅಲಿ ಆದಿಲ್‌ಶಾಹ ಎಂಬುದನ್ನೂ ಇವನೇ ಬರೆದಿದ್ದಾನೆ. ರಾಮರಾಯನ ಮಗ ತೀರಿಕೊಂಡಾಗ ಅಲಿ ಸ್ವತಃ ವಿಜಯನಗರಕ್ಕೆ ಬಂದು ಸಾಂತ್ವನ ಹೇಳಿದ, ರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು ಎಂಬ ಪ್ರಸಂಗವೂ ಫಿರಿಷ್ತಾನದೇ. ಮೊದಲನೆಯದು ಮಾತ್ರ ನಮ್ಮ ನೆನಪಿಗೆ ಅಂಟಿಕೊಂಡು ಉಳಿದೆರಡು ಉದುರಿಹೋದದ್ದು ಯಾಕೆ ಎಂಬುದನ್ನು ಪಾರ್ಸಿ ಪಂಡಿತರಿಗಿಂತ ನಮ್ಮನ್ನೇ ಕೇಳಿಕೊಳ್ಳಬೇಕು.

ಅಂದಹಾಗೆ, ಸುಲ್ತಾನರು ಐವರಲ್ಲ. ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್ ಈ ನಾಲ್ಕು ಸೇರಿದ್ದವು, ಬೇರಾರ್ ಬರಲಿಲ್ಲ. ಕೂಟ ಕಟ್ಟಿದ್ದು ಮದುವೆಗಳಿಂದ. ಅಹ್ಮದ್‌ನಗರದ ಹುಸೇನ್ ನಿಜಾಂಶಾಹ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟ, ಜೊತೆಗೆ ಸೊಲ್ಲಾಪುರದ ಕೋಟೆಯನ್ನೂ ಬಳುವಳಿಯಾಗಿ ಕೊಟ್ಟ. ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹನ ಸಂಗತಿ ಇನ್ನೂ ವಿಚಿತ್ರ. ಪಟ್ಟಕ್ಕೆ ಬರುವ ಮುಂಚೆ ಅಣ್ಣನಿಗೆ ಹೆದರಿ ಓಡಿಬಂದು ಏಳು ವರ್ಷ ವಿಜಯನಗರದಲ್ಲಿ, ರಾಮರಾಯನ ಆಸರೆಯಲ್ಲಿ ಬದುಕಿದ್ದವನು ಅವನು. ತೆಲುಗು ಕವಿಗಳಿಗೆ ಕೈತುಂಬ ಕೊಟ್ಟವನು. 1565ರಲ್ಲಿ ಆಸರೆ ಕೊಟ್ಟವನ ಎದುರು ನಿಂತ.

ರಾಮರಾಯನದೂ ಕಡಿಮೆ ವಿಚಿತ್ರವಲ್ಲ. ಕೃಷ್ಣದೇವರಾಯನ ಅಳಿಯನಾಗುವ ಮೊದಲು ಅವನು ಗೋಲ್ಕೊಂಡದ ಸುಲ್ತಾನನ ಕೈಕೆಳಗೆ ಸರದಾರನಾಗಿದ್ದ ಎಂಬುದನ್ನು ರಿಚರ್ಡ್ ಈಟನ್ 2005ರ ತಮ್ಮ ಪುಸ್ತಕ ‘ಎ ಸೋಷಿಯಲ್ ಹಿಸ್ಟರಿ ಆಫ್ ದ ಡೆಕ್ಕನ್’ನಲ್ಲಿ ಗೋಲ್ಕೊಂಡದ ಪಾರ್ಸಿ ಚರಿತ್ರೆ ಹಿಡಿದು ವಿವರಿಸಿದ್ದಾರೆ. ಈ ಚೌಕಟ್ಟಿನಲ್ಲಿ ನೋಡಿದರೆ ಅವನು ಹೊರಗಿನವರ ಎದುರು ನಿಂತ ಒಳಗಿನವನಲ್ಲ, ದಖ್ಖನಿನ ಚದುರಂಗವನ್ನು ಎಲ್ಲ ಮನೆಗಳಿಂದಲೂ ಬಲ್ಲ ಆಟಗಾರ. ಕಾರ್ನಾಡರ ಕೊನೆಯ ನಾಟಕ ‘ರಾಕ್ಷಸ ತಂಗಡಿ’ 2018ರಲ್ಲಿ ಬಂದಾಗ ಅದರ ನಡುವೆ ನಿಂತವನು ಇಂಥ ಮಹತ್ವಾಕಾಂಕ್ಷಿ ರಾಮರಾಯನೇ.

ಪಾರ್ಸಿಯವರ ಬಳಿ ಇನ್ನೊಂದು ಸಾಕ್ಷಿ ಇದೆ. ಹುಸೇನ್ ನಿಜಾಂಶಾಹನ ಆಸ್ಥಾನದ ಅಫ್ತಾಬಿ ಎಂಬ ಕವಿ ಬರೆದ ಚಿತ್ರಸಹಿತ ವಿಜಯಕಾವ್ಯದ ಹಸ್ತಪ್ರತಿ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಫಿರಿಷ್ತಾನಿಗಿಂತ ಯುದ್ಧಕ್ಕೆ ಬಹಳ ಹತ್ತಿರದ್ದು. ರಾಮರಾಯನ ಶಿರಚ್ಛೇದವೂ ಅದರ ಒಂದು ಚಿತ್ರ. ಸುಲ್ತಾನನ ಪಕ್ಕದಲ್ಲಿ ಕೂತಿದ್ದ ರಾಣಿ ಖಾನ್ಜಾ ಹುಮಾಯೂನಳ ಆಕೃತಿಯನ್ನು ಆಮೇಲೆ ಯಾರೋ ಅಳಿಸಿ ಬಣ್ಣ ಬಳಿದಿದ್ದಾರೆ. ಗಂಡ ಸತ್ತ ಮೇಲೆ ರಾಜ್ಯ ನಡೆಸಿ, ಕೊನೆಗೆ ಮಗನಿಂದಲೇ ಸೆರೆಯಾದವಳು ಅವಳು. ಚಾಂದಬೀಬಿಯ ತಾಯಿ. ಗೆದ್ದವರ ದಾಖಲೆಯೊಳಗೂ ಗೆದ್ದವರು ಒಬ್ಬರನ್ನೊಬ್ಬರು ಒರೆಸಿಹಾಕುತ್ತಿದ್ದರು ಎಂದಾಯಿತು.

ಈಗ ಶಾಸನತಜ್ಞರ ಕಡೆ ತಿರುಗಿ. ಇವರು ಪಾಪ, ಯುದ್ಧದ ಬಗ್ಗೆ ಕೇಳಿದರೆ ಕೈ ಚೆಲ್ಲುತ್ತಾರೆ. ಶಾಸನ ಹಾಕಿಸುವುದು ದಾನ ಕೊಟ್ಟಾಗ, ಸುಂಕ ಬಿಟ್ಟಾಗ, ಕೆರೆ ಕಟ್ಟಿದಾಗ. ಸೋತಾಗ ಯಾರು ಕಲ್ಲು ಕೆತ್ತಿಸುತ್ತಾರೆ? ಆದರೆ ‘ಎರಡು ಧರ್ಮಗಳ ನಡುವೆ ಇನ್ನೂರು ವರ್ಷದ ಯುದ್ಧ’ ಎಂಬ ಮಾತು ಬಂದೊಡನೆ ಅವರು ನೆಟ್ಟಗೆ ಕೂರುತ್ತಾರೆ. ಹಂಪಿಯಲ್ಲಿ ಅಹ್ಮದ್ ಖಾನನ ಮಸೀದಿ ಇದೆ, ಕಟ್ಟಿದ್ದು 1439ರಲ್ಲಿ. ಅದರ ಶಾಸನ ಕನ್ನಡದಲ್ಲಿದೆ. ಇಮ್ಮಡಿ ದೇವರಾಯನ ಸೈನ್ಯದ ಆ ಸರದಾರ ತನ್ನ ರಾಯನಿಗೆ ಪುಣ್ಯವಾಗಲೆಂದು ಇದನ್ನು ಕಟ್ಟಿಸಿದ. ಕಟ್ಟಡವನ್ನು ಅಲ್ಲಿ ಧರ್ಮಶಾಲೆ ಎಂದು ಕರೆದಿದೆ. ಬುಕ್ಕರಾಯನ ಕಾಲದಿಂದಲೇ ವಿಜಯನಗರದ ಅರಸರು ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಹೊತ್ತಿದ್ದರು, ಸುರತ್ರಾಣ ಎಂದರೆ ಸುಲ್ತಾನನೇ. ಫಿಲಿಪ್ ವ್ಯಾಗನರ್ 1996ರಲ್ಲಿ ಇದನ್ನೇ ಹಿಡಿದು, ಆಸ್ಥಾನದ ಉಡುಪಿನವರೆಗೆ ಬೆಳೆಸಿ ಒಂದು ಪ್ರಬಂಧ ಬರೆದರು, ಅದರ ಮೇಲೆ ಇವತ್ತಿಗೂ ಮಾತು ನಡೆಯುತ್ತದೆ. ಎಲ್ಲರೂ ಒಪ್ಪಿದ್ದಾರೆಂದಲ್ಲ. ಸುಲ್ತಾನನ ಉಡುಪು ತೊಟ್ಟವನು ಸುಲ್ತಾನನನ್ನು ದ್ವೇಷಿಸಲಾರ ಎಂದೇನೂ ಇಲ್ಲವಲ್ಲ ಎಂಬ ಎದುರು ಮಾತಿಗೂ ತೂಕವಿದೆ.

ಕಲ್ಲು ಸುಳ್ಳು ಹೇಳುವುದಿಲ್ಲ ಎಂದು ನಾವೆಲ್ಲ ಸುಲಭವಾಗಿ ಹೇಳುತ್ತೇವೆ. ಅದನ್ನು ಮೊದಲು ತಳ್ಳಿಹಾಕುವವರು ಶಾಸನತಜ್ಞರೇ. ವಿದ್ಯಾರಣ್ಯರ ಆಶೀರ್ವಾದದಿಂದ ವಿಜಯನಗರ ಹುಟ್ಟಿತೆಂದು ಹೇಳುವ, 1336ರ ತಿಥಿ ಹೊತ್ತ ತಾಮ್ರಪಟಗಳನ್ನು ಎಷ್ಟೋ ಕಾಲದ ನಂತರ ಬರೆದವೆಂದು ಹಲವರು ಬದಿಗಿಟ್ಟಿದ್ದಾರೆ. ಹೆನ್ರಿ ಹೆರಾಸ್ 1929ರಲ್ಲೇ ಈ ಜೇನುಗೂಡಿಗೆ ಕೈಹಾಕಿದ್ದರು. ಅದಾಗಿ ಏಳು ವರ್ಷಕ್ಕೆ, 1936ರಲ್ಲಿ ನಾವು ಆರುನೂರನೇ ವರ್ಷದ ಉತ್ಸವ ಮಾಡಿದೆವು. ಉತ್ಸವ ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಪಂಚಾಂಗ ಬೇರೆ, ಪುರಾವೆ ಬೇರೆ.

ಮೂರನೆಯ ಕುರ್ಚಿಯವರ ಕೈಯಲ್ಲಿ ಪುಸ್ತಕ ಕಡಿಮೆ, ನಕ್ಷೆ ಹೆಚ್ಚು. ಎಂ.ಎಸ್. ನಾಗರಾಜರಾವ್ ರಾಜ್ಯ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದಾಗ ಹಂಪಿಯಲ್ಲಿ ದೊಡ್ಡ ಉತ್ಖನನಗಳಾದವು. ಅದೇ ಹೊತ್ತಿಗೆ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಬಂದು ವರ್ಷಗಟ್ಟಲೆ ಕೂತು ಒಂದೊಂದು ಗೋಡೆ, ಮೆಟ್ಟಿಲನ್ನು ನಕ್ಷೆಗೆ ಇಳಿಸಿದರು. ಇವರನ್ನು ಕೇಳಬೇಕಾದ್ದು: ನಗರ ಸುಟ್ಟಿತೇ? ಅರಮನೆಗಳ ಜಾಗದಲ್ಲಿ ಉಳಿದಿರುವುದು ಕಲ್ಲಿನ ಅಧಿಷ್ಠಾನ ಮಾತ್ರ, ಮೇಲಿದ್ದದ್ದು ಮರದ ಕಟ್ಟಡ, ಅದು ಬೆಂಕಿಗೆ ಹೋಯಿತು. ಆದರೆ ಕಮಲ ಮಹಲು, ಆನೆಲಾಯ ನಿಂತೇ ಇವೆ. ವಿರೂಪಾಕ್ಷನಿಗೆ ಇವತ್ತೂ ಪೂಜೆ, ರಥೋತ್ಸವ. ವಿಠ್ಠಲನ ಗುಡಿ ಊರಿಗೇ ಸುಂದರಿ, ಗರ್ಭಗುಡಿ ಖಾಲಿ. ಉಗ್ರನರಸಿಂಹನ ಕೈಕಾಲು ಮುರಿದವು. ಹಾಗಾದರೆ ಏಟು ಬಿದ್ದದ್ದು ಧರ್ಮಕ್ಕೋ, ರಾಜಶಕ್ತಿಯ ಗುರುತುಗಳಿಗೋ? ಈ ಹಂತದಲ್ಲಿ ಮೂರೂ ಕುರ್ಚಿಗಳು ಒಮ್ಮೆಲೇ ಮಾತಾಡತೊಡಗುತ್ತವೆ. ನಡೆಸಿಕೊಡುವವರು ಸುಮ್ಮನಿರಬೇಕಾದ ಒಂದೇ ಹೊತ್ತು ಇದು.

ಅಗೆತದವರು ಇನ್ನೊಂದು ಕುತೂಹಲವನ್ನೂ ಮೇಜಿನ ಮೇಲಿಡುತ್ತಾರೆ. 1980ರ ದಶಕದಲ್ಲಿ ರಾಜಾಂಗಣದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೆ ಯಾವುದು ಯಾವ ದಿಕ್ಕಿಗೆ, ಎಷ್ಟನೇ ಸಾಲಿಗೆ ಎಂಬ ಗುರುತುಗಳಿವೆ. ಕಲ್ಲೂ ಹಂಪಿಯ ಗ್ರಾನೈಟ್ ಅಲ್ಲ. ಬೇರೆಲ್ಲೋ ಇದ್ದ ಹಳೆಯ ಚಾಲುಕ್ಯ ಕಾಲದ ಪುಷ್ಕರಣಿಯನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದು ಎಂಬುದು ಈಟನ್ ಮತ್ತು ವ್ಯಾಗನರ್ ವಾದ. ರಾಮರಾಯ ಕಲ್ಯಾಣದ ಚಾಲುಕ್ಯರ ವೈಭವವನ್ನು ತನ್ನದಾಗಿಸಿಕೊಳ್ಳಲು ಹೊರಟಿದ್ದ, ಕಲ್ಯಾಣದ ಕೋಟೆಗಾಗಿ ಸುಲ್ತಾನರೊಂದಿಗೆ ನಡೆದ ಎಳೆದಾಟದ ಹಿಂದೆ ಆ ಕನಸಿತ್ತು ಎಂದು ಅವರು ಮುಂದುವರಿಸುತ್ತಾರೆ. ನನಗೆ ಈ ವಾದದಲ್ಲಿ ಕಲ್ಲಿನ ಭಾಗ ಗಟ್ಟಿಯಾಗಿ ಕಾಣುತ್ತದೆ, ಕನಸಿನ ಭಾಗ ಕೊಂಚ ತೆಳು. ಶಾಸನದವರು ಇಲ್ಲಿ ಏನೆನ್ನುತ್ತಾರೆ ಎಂದು ಕೇಳುವ ಆಸೆ.

ಗಿಲಾನಿ ಸೋದರರು ಎಲ್ಲಿ ಹೋದರು? ಅವರು ಫಿರಿಷ್ತಾನ ಕದನ ವರ್ಣನೆಯಲ್ಲಿಲ್ಲ. ಅಲ್ಲಿ ರಾಮರಾಯ ಸೋತದ್ದು ತೋಪುಗಳಿಗೆ. ತಾಮ್ರದ ದುಡ್ಡುಗಳನ್ನೇ ತುಂಬಿ ಸಮೀಪದಿಂದ ಹಾರಿಸಿದರು, ಸೈನ್ಯದ ನಡುಭಾಗ ಮುರಿಯಿತು, ಮೇಲೆ ಕುದುರೆ ಪಡೆ ನುಗ್ಗಿತು. ದ್ರೋಹದ ಮಾತು ಹೇಳುವವನು ಯುದ್ಧವಾಗಿ ಎರಡು ವರ್ಷಕ್ಕೆ, 1567ರಲ್ಲಿ, ಊರಿಗೆ ಬಂದ ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆದೆರಿಚಿ. ರಾಯನ ಕಡೆಯ ಇಬ್ಬರು ಮುಸ್ಲಿಂ ಸರದಾರರು, ಒಬ್ಬೊಬ್ಬರ ಕೈಯಲ್ಲೂ ಎಪ್ಪತ್ತೆಂಬತ್ತು ಸಾವಿರ ಮಂದಿ, ತಿರುಗಿಬಿದ್ದರು ಎನ್ನುತ್ತಾನೆ. ಸೋತ ಊರಿನಲ್ಲಿ ಕೇಳಿದ ಮಾತು. ಸೋತವರು ದ್ರೋಹವನ್ನು ನೆನೆಯುತ್ತಾರೆ, ಗೆದ್ದವರು ಶೌರ್ಯವನ್ನು ನೆನೆಯುತ್ತಾರೆ, ಆದ್ದರಿಂದ ಇಬ್ಬರ ಮೌನವನ್ನೂ ಅನುಮಾನಿಸಬೇಕು. ದ್ರೋಹ ನಡೆದೇ ಇಲ್ಲ ಎಂದು ಸಾಧಿಸಲೂ ಇಷ್ಟು ಸಾಲದು.

ಫೆದೆರಿಚಿಯ ಬರಹದಲ್ಲಿ ಬೇರೊಂದು ಸಂಗತಿ ಇದೆ, ಅದರ ಮೇಲೆ ಯಾರೂ ನಾಟಕ ಬರೆದಿಲ್ಲ. ಅವನು ಕಂಡ ನಗರ ಪೂರ್ತಿ ನೆಲಸಮವಾಗಿರಲಿಲ್ಲ. ಮನೆಗಳು ನಿಂತಿದ್ದವು, ಒಳಗೆ ಜನವಿರಲಿಲ್ಲ. ರಾಮರಾಯನ ತಮ್ಮ ತಿರುಮಲ ಮರಳಿ ಬಂದು ನಗರವನ್ನು ಮತ್ತೆ ತುಂಬಲು ನೋಡುತ್ತಿದ್ದ. ಕುದುರೆ ವ್ಯಾಪಾರಿಗಳಿಗೆ ಹೇಳಿಕಳಿಸಿದ: ಕುದುರೆ ತನ್ನಿ, ಯುದ್ಧದಲ್ಲಿ ಕೈತಪ್ಪಿ ಹೋದ ನನ್ನ ಗುರುತಿನ ಕುದುರೆಗಳೇ ಆದರೂ ಬೆಲೆ ಕೊಡುತ್ತೇನೆ. ತಂದರು. ಕುದುರೆ ಇಟ್ಟುಕೊಂಡು ಕಾಸು ಕೊಡದೆ ಕಳಿಸಿದ. ಕೊನೆಗೆ ರಾಜಧಾನಿ ಪೆನುಕೊಂಡೆಗೆ ಹೋಯಿತು, ಆಮೇಲೆ ಚಂದ್ರಗಿರಿಗೆ. ಅರವೀಡು ವಂಶ ಹದಿನೇಳನೇ ಶತಮಾನದ ನಡುವಿನವರೆಗೂ ಆಳಿತು. ವಿಜಯನಗರ 1565ರಲ್ಲಿ ಮುಗಿಯಿತೆಂದು ಬರೆದರೆ ಪೂರ್ತಿ ಅಂಕ ಕೊಡುವ ಮೇಷ್ಟ್ರು ಆ ಎಂಟು ದಶಕಗಳನ್ನು ಎಲ್ಲಿ ಇಡುತ್ತಾರೋ.

ತಜ್ಞರೆಂದರೆ ಎಲ್ಲರೂ ಮಾತುಗಾರರಲ್ಲ ಎಂಬುದನ್ನೂ ಹೇಳಿಬಿಡಬೇಕು. ಕೆಲವರು ‘ಇರಬಹುದು’, ‘ಇಲ್ಲದಿರಬಹುದು’ಗಳ ನಡುವೆ ಮುಕ್ಕಾಲು ಗಂಟೆ ಕಳೆದುಬಿಡುತ್ತಾರೆ. ಇನ್ನು ಕೆಲವರು ತಮ್ಮ ಕ್ಷೇತ್ರದಲ್ಲಿ ಗಳಿಸಿದ ಮರ್ಯಾದೆಯನ್ನು ತಮಗೆ ತಿಳಿಯದ ಕ್ಷೇತ್ರದಲ್ಲಿ ಖರ್ಚು ಮಾಡುತ್ತಾರೆ, ಪಾರ್ಸಿ ಓದಲಾರದವರು ಫಿರಿಷ್ತಾನ ಮನಸ್ಸನ್ನು ಓದುತ್ತಾರೆ. ಅವರನ್ನು ‘ಇದು ನೀವು ಮೂಲದಲ್ಲಿ ನೋಡಿದ್ದೋ, ಅನುವಾದದಲ್ಲೋ?’ ಎಂದು ವಿನಯದಿಂದ ಕೇಳುವ ಧೈರ್ಯ ಬೇಕು. ಷ. ಶೆಟ್ಟರ್ ಅವರಂಥ ವಿದ್ವಾಂಸರು ಇಳಿವಯಸ್ಸಿನಲ್ಲಿ ಕನ್ನಡದಲ್ಲೇ ದೊಡ್ಡ ಪುಸ್ತಕಗಳನ್ನು ಬರೆದು ಸಾಮಾನ್ಯ ಓದುಗರನ್ನು ಶಾಸನಗಳ ಹತ್ತಿರಕ್ಕೆ ಕರೆತಂದರು. 2020ರಲ್ಲಿ ಅವರು ತೀರಿಕೊಂಡರು. ಅವರನ್ನು ತಡೆತಡೆದು, ಕಾಡಿಸಿ, ಗಂಟೆಗಟ್ಟಲೆ ಮಾತಾಡಿಸಿದ ದನಿಮುದ್ರಿಕೆಗಳು ಇನ್ನಷ್ಟು ಇರಬೇಕಿತ್ತು. ಇವತ್ತು ಹಳಗನ್ನಡ ಲಿಪಿಯನ್ನು ನಿರಾಯಾಸವಾಗಿ ಓದುವವರಲ್ಲಿ ಎಷ್ಟೋ ಮಂದಿ ನಿವೃತ್ತರು. ಮೋಡಿ ಲಿಪಿ ಮತ್ತು ಪಾರ್ಸಿ ಎರಡೂ ಬಲ್ಲ ಕನ್ನಡಿಗರನ್ನು ಹುಡುಕಿ ತರಬೇಕು. ಮೈಕು, ಒಂದು ಕೋಣೆ, ಓದಿಕೊಂಡು ಬಂದ ಒಬ್ಬ ತಂಟೆಕೋರ ಪ್ರಶ್ನೆಗಾರ ಇದ್ದರೆ ಆಯಿತು, ಇದಕ್ಕೆ ದೊಡ್ಡ ಬಂಡವಾಳ ಬೇಡ.

ನಾಲ್ಕನೆಯ ಕುರ್ಚಿಯೊಂದನ್ನೂ ಹಾಕುವುದು ಒಳ್ಳೆಯದು, ಲೋಹ ಮತ್ತು ಮದ್ದುಗುಂಡು ಬಲ್ಲವರಿಗೆ. ವಿಜಯಪುರದ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಮಲಗಿದೆ. ತಾಳಿಕೋಟೆಯಲ್ಲಿ ಗುಡುಗಿದ್ದು ಇದೇ ಎಂದು ಪ್ರವಾಸಕ್ಕೆ ಬಂದ ಮಕ್ಕಳಿಗೆ ಹೇಳುವ ವಾಡಿಕೆ. ತೋಪಿನ ಮೈಮೇಲಿನ ಬರಹದಿಂದ ತಿಳಿಯುವುದು ಅದನ್ನು 1549ರಲ್ಲಿ ಅಹ್ಮದ್‌ನಗರದ ನಿಜಾಂಶಾಹನಿಗಾಗಿ ರೂಮಿ, ಎಂದರೆ ತುರ್ಕಿ ಮೂಲದವನೊಬ್ಬ, ಎರಕ ಹೊಯ್ದ ಎಂಬುದು. ಪರಾಂಡಾದ ಕೋಟೆಯಿಂದ ಬಿಜಾಪುರಕ್ಕೆ ಅದು ಬಂದದ್ದು 1632ರಲ್ಲಿ, ಯುದ್ಧವಾಗಿ ಆರು ದಶಕಗಳ ಮೇಲೆ. ತೂಕ ಸುಮಾರು 55 ಟನ್. ಕೃಷ್ಣೆಯ ಹಾಯ್ಗಡವನ್ನು ರಾಯನ ಸೈನ್ಯ ಕಾಯುತ್ತಿತ್ತು, ಸುಲ್ತಾನರು ಹೊಳೆಯುದ್ದಕ್ಕೂ ಬೇರೆ ಕಡೆಗೆ ಹೊರಟಂತೆ ಮಾಡಿ, ಕಾವಲು ಸಡಿಲಾದಾಗ ತಟ್ಟನೆ ಹಿಂದಿರುಗಿ ದಾಟಿದರು ಎನ್ನುತ್ತಾನೆ ಫಿರಿಷ್ತಾ. ಆ ಓಟದಲ್ಲಿ ಇಷ್ಟು ಕಂಚು ಜೊತೆಗಿತ್ತೇ, ಎಷ್ಟು ಜೋಡಿ ಎತ್ತು ಹೂಡಿದರು, ಜನವರಿಯಲ್ಲಿ ಹೊಳೆಯ ತಳದ ಮರಳು ಆ ಗಾಲಿಗಳನ್ನು ತಡೆಯುತ್ತಿತ್ತೇ? ಇತಿಹಾಸಕಾರರನ್ನು ಮಾತಾಡಿಸಲು ಹೊರಟ ಹುಡುಗ ಹುಡುಗಿಯರು ಇದನ್ನೇ ಮೊದಲ ಪ್ರಶ್ನೆಯಾಗಿ ಇಟ್ಟುಕೊಳ್ಳಲಿ.